ಬೀಗದ ಕೈ ಯಾರ ಉಡಿದಾರದಲ್ಲಿ?

ಒಂದು ಕಾಲಕ್ಕೆ ಮೈಸೂರು ಸೀಮೆಯ ಹಳ್ಳಿಯೆಂದರೆ ಅದರ ಸಮಸ್ತ ನೆಲವೂ ಒಂದು ಮರದ ಪೆಟ್ಟಿಗೆಯೊಳಗೆ ಅಡಗಿ ಕುಳಿತಿರುತ್ತಿತ್ತು. ಯಾವ ಹೊಲ ಯಾರದು, ಎಷ್ಟು ಎಕರೆ ಎಷ್ಟು ಗುಂಟೆ, ಕಂದಾಯವೆಷ್ಟು, ಈ ವರ್ಷದ ಬೆಳೆ ರಾಗಿಯೋ ಹುರುಳಿಯೋ ಎಂಬುದೆಲ್ಲವೂ ಪಹಣಿ, ಖಾತೆ, ಖಿರ್ದಿಗಳ ರೂಪದಲ್ಲಿ ಶ್ಯಾನುಭೋಗರ ಮನೆಯ ಪಡಸಾಲೆಯಲ್ಲಿದ್ದ ಆ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಪೆಟ್ಟಿಗೆಗೆ ಒಂದು ಬೀಗ; ಬೀಗಕ್ಕೆ ಒಂದು ಕೈ; ಆ ಕೈ ಶ್ಯಾನುಭೋಗರ ಉಡಿದಾರದಲ್ಲಿ.

ಶ್ಯಾನುಭೋಗರಲ್ಲಿ ಸತ್ಯವಂತರಿಗೆ ಕೊರತೆಯಿರಲಿಲ್ಲ. ಹಳ್ಳಿಯ ವ್ಯಾಜ್ಯಗಳನ್ನು ತಮ್ಮ ಜ್ಞಾಪಕಶಕ್ತಿಯೊಂದರಿಂದಲೇ ಬಗೆಹರಿಸಿದ ಹಿರಿಯರೂ ಅವರಲ್ಲಿದ್ದರು. ಆದರೆ ವ್ಯವಸ್ಥೆಯ ದೋಷ ವ್ಯಕ್ತಿಯ ಗುಣದೋಷಗಳಿಗಿಂತ ಬೇರೆಯಾದದ್ದು. ಪುಸ್ತಕವನ್ನು ಓದುವ ಅಧಿಕಾರ, ಅದರಲ್ಲಿ ಬರೆಯುವ ಅಧಿಕಾರ, ಬರೆದುದನ್ನು ತಿದ್ದುವ ಅಧಿಕಾರ, ಇನ್ನೊಬ್ಬರಿಗೆ ತೋರಿಸುವ ಅಥವಾ ತೋರಿಸದಿರುವ ಅಧಿಕಾರ – ಈ ನಾಲ್ಕೂ ಒಂದೇ ಕೈಯಲ್ಲಿ ಕೂಡಿಕೊಂಡಿದ್ದವು. ತನ್ನ ಹೊಲದ ವಿವರವನ್ನು ತಾನೇ ತಿಳಿಯಬೇಕಾದರೂ ರೈತನು ಅಂಗಳದಲ್ಲಿ ನಿಂತು ಕಾಯಬೇಕಾಗಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಶ್ಯಾನುಭೋಗಿಕೆ ಕೊನೆಗೊಂಡಿತು. ಅವರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಪೆಟ್ಟಿಗೆ ಮನೆಯಿಂದ ಮನೆಗೆ ಬದಲಾಯಿತು. ಬೀಗದ ಕೈ ಮಾತ್ರ ಆಗಲೂ ಒಂದೇ ಆಗಿತ್ತು.

ಈಗ ತುಮಕೂರು ನಗರದಲ್ಲಾಗಲಿ, ಗುಬ್ಬಿ ಕುಣಿಗಲ್ಲುಗಳಲ್ಲಾಗಲಿ ಯಾವುದೇ ಕಚೇರಿಯ ಮೆಟ್ಟಿಲು ಹತ್ತಿದರೂ ಕಾಣುವುದು ಮರದ ಪೆಟ್ಟಿಗೆಯಲ್ಲ, ಕಂಪ್ಯೂಟರಿನ ಪರದೆ. ಹತ್ತಾರು ಮೇಜುಗಳ ಹತ್ತಾರು ಯಂತ್ರಗಳು ತಂತಿಗಳ ಜಾಲದಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎಲ್ಲರಿಗೂ ಬೇಕಾದ ಕಾಗದಪತ್ರಗಳು ಸರ್ವರ್ ಎಂಬ ದೊಡ್ಡ ಯಂತ್ರವೊಂದರಲ್ಲಿ, ಫೋಲ್ಡರ್ ಎಂದು ಕರೆಯಲಾಗುವ ಕಡತಕೋಶಗಳಲ್ಲಿ ಕೂಡಿಟ್ಟಿರುತ್ತವೆ. ಒಂದೇ ಕಡತವನ್ನು ಏಕಕಾಲಕ್ಕೆ ಹತ್ತು ಮಂದಿ ತೆರೆಯಬಹುದು. ಅನುಕೂಲವೇನೋ ಹೌದು. ಆದರೆ ಉಡಿದಾರ ಒಂದಿದ್ದಾಗ ಕಳ್ಳನನ್ನು ಗುರುತಿಸುವುದಾದರೂ ಸುಲಭವಾಗಿತ್ತು. ಹತ್ತು ಮಂದಿಯ ಉಡಿದಾರದಲ್ಲಿ ಹತ್ತು ಕೈಗಳು ತೂಗಾಡುತ್ತಿರುವಾಗ ಯಾವ ಕೈ ಯಾವ ಬೀಗಕ್ಕೆ, ಯಾರಿಗೆ ಏಕೆ ಕೊಟ್ಟದ್ದು ಎಂಬ ಲೆಕ್ಕವನ್ನು ಇಡುವವರಾರು?

ಉಪ್ಪಿನಕಾಯಿಯ ಭರಣಿ

ಓದಲು ಅನುಮತಿ, ಬರೆಯಲು ಅನುಮತಿ ಎಂಬ ಭೇದ ಗೃಹಿಣಿಯರಿಗೆ ಹೊಸದೇನಲ್ಲ. ಅಟ್ಟದ ಮೇಲಿನ ಉಪ್ಪಿನಕಾಯಿಯ ಭರಣಿಯನ್ನು ಮನೆಮಂದಿಯೆಲ್ಲ ನೋಡಬಹುದು, ಬಡಿಸಿದಾಗ ತಿನ್ನಬಹುದು. ಆದರೆ ಅದರೊಳಗೆ ಕೈಹಾಕುವ ಅಧಿಕಾರ ಅಜ್ಜಿಯೊಬ್ಬರಿಗೇ. ಒದ್ದೆ ಕೈಯ ಮೊಮ್ಮಗನೊಬ್ಬ ಒಮ್ಮೆ ಒಳಹೊಕ್ಕರೆ ವರ್ಷದ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಿತೆಂದೇ ಲೆಕ್ಕ. ಅಜ್ಜಿಗೆ ಮೊಮ್ಮಗನ ಮೇಲೆ ಅಪನಂಬಿಕೆಯೇ? ಖಂಡಿತ ಇಲ್ಲ. ಅವನ ಕೈ ಒದ್ದೆಯಾಗಿರಬಹುದು, ಅಷ್ಟೆ.

ಕಂಪ್ಯೂಟರುಗಳ ಲೋಕ ಈ ಅಡಿಗೆಮನೆಯ ಪಾಠವನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. 1961ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಾಟೊ ಎಂಬ ವಿಜ್ಞಾನಿಯ ನೇತೃತ್ವದಲ್ಲಿ, ಅನೇಕರು ಒಂದೇ ಯಂತ್ರವನ್ನು ಕಾಲ ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದು ರೂಪುಗೊಂಡಿತು. ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದ. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಗೊತ್ತುಮಾಡಿದ್ದ ಗಂಟೆಗಳು ಸಾಲದೆಂದು, ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಅರ್ಜಿ ಹಾಕಿದ. ಯಂತ್ರವು ವಿಧೇಯವಾಗಿ ಮುದ್ರಿಸಿಕೊಟ್ಟಿತು! ಆ ಕಡತವನ್ನು ಯಾರು ಕೇಳಬಹುದು, ಯಾರು ಕೇಳಬಾರದೆಂದು ಅದಕ್ಕೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

1966ರಲ್ಲಿ ನಡೆದುದು ಇನ್ನೂ ಸ್ವಾರಸ್ಯಕರವಾದದ್ದು. ವ್ಯವಸ್ಥೆಯ ಮೇಲ್ವಿಚಾರಕರಿಬ್ಬರು ಒಂದೇ ಹೊತ್ತಿನಲ್ಲಿ ಒಂದೇ ಕಡತಕೋಶದಲ್ಲಿ ಕೆಲಸಮಾಡುತ್ತಿದ್ದರು. ಒಬ್ಬನು ಬಳಕೆದಾರರಿಗೆ ತೋರಿಸುವ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದ. ಇನ್ನೊಬ್ಬನು ಗುಪ್ತಪದಗಳ ಪಟ್ಟಿಯನ್ನು. ತಿದ್ದುವ ಸಾಧನವು ತಾತ್ಕಾಲಿಕ ಪ್ರತಿಗೆ ಯಾವಾಗಲೂ ಒಂದೇ ಹೆಸರನ್ನಿಡುತ್ತಿತ್ತು. ಒಂದೇ ಕೋಶದಲ್ಲಿ ಒಂದೇ ಹೆಸರಿನ ಎರಡು ಪ್ರತಿಗಳು ಅದಲುಬದಲಾದವು. ಆ ಕ್ಷಣದಿಂದ ಯಂತ್ರದ ಮುಂದೆ ಬಂದು ಕುಳಿತ ಪ್ರತಿಯೊಬ್ಬರಿಗೂ ಪ್ರಕಟಣೆಯ ಬದಲಾಗಿ ಸಮಸ್ತ ಬಳಕೆದಾರರ ಗುಪ್ತಪದಗಳೂ ದರ್ಶನಕೊಟ್ಟವು. ಇಲ್ಲಿ ಕಳ್ಳರಿಲ್ಲ, ದ್ರೋಹಿಗಳಿಲ್ಲ. ಇಬ್ಬರು ಸಜ್ಜನರು ಒಂದು ಭರಣಿಗೆ ಒಟ್ಟಿಗೆ ಕೈಹಾಕಿದ್ದರು.

ಒಂಬತ್ತು ಗುರುತುಗಳು

ಇಂತಹ ಅನುಭವಗಳ ಹಿನ್ನೆಲೆಯಲ್ಲಿ, 1969ರಿಂದ ಮುಂದೆ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಅನುಮತಿಯ ಪ್ರಶ್ನೆಗೆ ಬಹಳ ಸರಳವಾದ ಉತ್ತರ ದೊರೆಯಿತು. ಪ್ರತಿ ಕಡತಕ್ಕೂ ಮೂರು ಬಗೆಯ ಜನ: ಒಡೆಯ, ಒಡೆಯನ ಗುಂಪು, ಉಳಿದವರು. ಪ್ರತಿಯೊಬ್ಬರಿಗೂ ಮೂರು ಬಗೆಯ ಅಧಿಕಾರ: ಓದುವುದು, ಬರೆಯುವುದು, ನಡೆಸುವುದು. ಮೂರು ಮೂರಲಿ ಒಂಬತ್ತು ಗುರುತುಗಳು. ಓದಲು 4, ಬರೆಯಲು 2, ನಡೆಸಲು 1 ಎಂದು ಅಂಕಿಗಳನ್ನು ಕೂಡಿಸಿ, ಮೂರೇ ಅಂಕಿಗಳಲ್ಲಿ ಇಡೀ ಕಡತದ ಜಾತಕವನ್ನು ಬರೆದುಬಿಡಬಹುದು. 640 ಎಂದರೆ ಒಡೆಯನಿಗೆ ಓದುಬರಹ, ಗುಂಪಿಗೆ ಓದು ಮಾತ್ರ, ಉಳಿದವರಿಗೆ ಸೊನ್ನೆ. 777 ಎಂದರೆ ಎಲ್ಲರಿಗೂ ಎಲ್ಲವೂ; ಊರ ಹೆಬ್ಬಾಗಿಲು ತೆರೆದಿಟ್ಟು ಕಾವಲುಗಾರನಿಗೆ ರಜೆ ಕೊಟ್ಟಂತೆ. ಅವಸರದಲ್ಲಿರುವವರು ಬರೆಯುವ ಅಂಕಿ ಇದೇ.

ಇದರಲ್ಲಿ ಅನುಭವಸ್ಥರನ್ನೂ ದಾರಿ ತಪ್ಪಿಸುವ ಒಂದು ಸೂಕ್ಷ್ಮವಿದೆ. ಕಡತವೊಂದನ್ನು ಅಳಿಸಿಹಾಕುವ ಅಧಿಕಾರ ಯುನಿಕ್ಸಿನಲ್ಲಿ ಆ ಕಡತದ ಮೇಲಿನ ಅನುಮತಿಯನ್ನು ಅವಲಂಬಿಸಿಲ್ಲ. ಅದನ್ನು ಇಟ್ಟಿರುವ ಕೋಶದ ಮೇಲಿನ ಅನುಮತಿಯನ್ನು ಅವಲಂಬಿಸಿದೆ. ರೆಕಾರ್ಡ್ ರೂಮಿನಲ್ಲಿರುವ ದಸ್ತಾವೇಜಿಗೆ ಅರಗಿನ ಮುದ್ರೆ ಒತ್ತಿ, ಒಂದಕ್ಷರವನ್ನೂ ತಿದ್ದಲಾಗದಂತೆ ಮಾಡಿರಬಹುದು. ಆದರೆ ಬೀರುವಿನಿಂದ ತೆಗೆದಿಡುವ ಅಧಿಕಾರವಿರುವ ಗುಮಾಸ್ತೆ ಇಡೀ ಕಟ್ಟನ್ನೇ ಎತ್ತಿ ಒಲೆಗೆ ಹಾಕಬಲ್ಲನಲ್ಲವೆ? ಇದಕ್ಕೆ ಪರಿಹಾರವಾಗಿ ಕೋಶಕ್ಕೆ ಇನ್ನೊಂದು ಗುರುತನ್ನು ಹಚ್ಚುವ ಪದ್ಧತಿಯಿದೆ. ಅದನ್ನು ಹಚ್ಚಿದ ಮೇಲೆ ಕಡತದ ಒಡೆಯ, ಕೋಶದ ಒಡೆಯ, ಯಂತ್ರದ ಸರ್ವಾಧಿಕಾರಿ – ಈ ಮೂವರ ಹೊರತು ಬೇರಾರೂ ಅದನ್ನು ಅಳಿಸಲಾರರು.

ಪಾತ್ರಕ್ಕೆ ಕಿರೀಟ, ನಟನಿಗಲ್ಲ

ಅನುಮತಿಯನ್ನು ವ್ಯಕ್ತಿಗೆ ಕೊಡಬೇಕೋ ಗುಂಪಿಗೆ ಕೊಡಬೇಕೋ ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ಗುಬ್ಬಿಯನ್ನು ನೆನೆಯಬೇಕು. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದ್ದು. ವೃತ್ತಿ ನಾಟಕ ಕಂಪನಿಯ ಪೆಟಾರಿಯಲ್ಲಿ ಧರ್ಮರಾಯನ ಕಿರೀಟ, ಭೀಮನ ಗದೆ, ದ್ರೌಪದಿಯ ಸೀರೆಗಳಿರುತ್ತವೆ. ಅವು ಪಾತ್ರಕ್ಕೆ ಸೇರಿದವು, ನಟನಿಗಲ್ಲ. ಈ ಊರಿನ ಮೊಕ್ಕಾಮಿನಲ್ಲಿ ಭೀಮನಾಗಿದ್ದವನು ಮುಂದಿನ ಊರಿನಲ್ಲಿ ಕಂಪನಿ ಬಿಟ್ಟುಹೋದರೆ ಗದೆ ಅವನೊಡನೆ ಹೋಗುವುದಿಲ್ಲ. ಹೊಸ ಭೀಮನಿಗಾಗಿ ಹೊಸ ಗದೆಯನ್ನು ಮಾಡಿಸಬೇಕಾಗಿಯೂ ಇಲ್ಲ.

ಫೆರಾಯೊಲೊ ಮತ್ತು ಕೂನ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು 1992ರಲ್ಲಿ ಪಾತ್ರಾಧಾರಿತ ಅನುಮತಿಯೆಂಬ ಸಿದ್ಧಾಂತವನ್ನು ಶಾಸ್ತ್ರೀಯವಾಗಿ ಮಂಡಿಸಿದರು. ಅದರ ತಿರುಳು ಪೆಟಾರಿಯನ್ನು ಕಾಯುತ್ತಿದ್ದ ಯಾವ ಮ್ಯಾನೇಜರಿಗೂ ತಿಳಿಯದ ಸಂಗತಿಯೇನಲ್ಲ.

ಇದನ್ನು ವ್ಯವಹಾರಕ್ಕೆ ಇಳಿಸಿ ನೋಡಲು ಓದುಗರು ಒಂದು ಪತ್ತಿನ ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳಬಹುದು. ಪ್ರಧಾನ ಕಚೇರಿ ತುಮಕೂರು ನಗರದಲ್ಲಿ. ಶಾಖೆಗಳು ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ. ಸರ್ವರಿನಲ್ಲಿ ಕೆಲವು ಕೋಶಗಳು: ಗುಬ್ಬಿಯ ಸಾಲದ ಅರ್ಜಿಗಳು, ಕುಣಿಗಲ್ಲಿನ ಸಾಲದ ಅರ್ಜಿಗಳು, ಸಿಬ್ಬಂದಿಯ ಸಂಬಳ, ಸುತ್ತೋಲೆಗಳು. ಮೊದಲ ವರ್ಷ ಒಬ್ಬೊಬ್ಬ ಗುಮಾಸ್ತೆಯ ಹೆಸರನ್ನೂ ಒಂದೊಂದು ಕೋಶಕ್ಕೆ ಬರೆದು ಅನುಮತಿ ಕೊಡುತ್ತಾರೆ. ಆರು ಮಂದಿಯಿದ್ದಾಗ ಇದು ಸಾಧ್ಯ. ಮೂರನೆಯ ವರ್ಷಕ್ಕೆ ಅರವತ್ತು ಕೋಶಗಳೂ ಇಪ್ಪತ್ತು ಮಂದಿಯೂ ಆಗುತ್ತಾರೆ. ಗುಬ್ಬಿಯ ಗುಮಾಸ್ತೆಗೆ ಕುಣಿಗಲ್ಲಿಗೆ ವರ್ಗವಾಗುತ್ತದೆ. ಹೊಸ ಜಾಗದ ಅನುಮತಿಯನ್ನು ಮೊದಲ ದಿನವೇ ಕೇಳಿ ಪಡೆಯುತ್ತಾನೆ. ಹಳೆಯದನ್ನು ಕಿತ್ತುಕೊಳ್ಳಿರೆಂದು ಯಾರಾದರೂ ಅರ್ಜಿ ಹಾಕುವುದುಂಟೆ? ಹೀಗೆ ಮೂರು ವರ್ಗಾವಣೆಗಳಾದ ಮೇಲೆ ಸಂಘದ ಅಧ್ಯಕ್ಷರಿಗೂ ಇಲ್ಲದಷ್ಟು ಬೀಗದ ಕೈಗಳು ಆ ನಿರುಪದ್ರವಿ ಗುಮಾಸ್ತೆಯ ಗೊಂಚಲಿನಲ್ಲಿರುತ್ತವೆ. ಆತನಿಗೆ ಅದು ಗೊತ್ತೂ ಇರುವುದಿಲ್ಲ. ಆತ ಒಂದು ದಿನ ಅಪರಿಚಿತ ಮಿಂಚಂಚೆಯನ್ನು ತೆರೆದು, ಒತ್ತೆಹಣ ಕೇಳುವ ದುಷ್ಟ ತಂತ್ರಾಂಶವೊಂದು ಒಳನುಗ್ಗಿತೆಂದರೆ, ಆ ತಂತ್ರಾಂಶಕ್ಕೆ ಆತನ ಕೈಗೊಂಚಲೆಲ್ಲವೂ ದಕ್ಕುತ್ತದೆ. ಆತ ಬರೆಯಬಲ್ಲ ಪ್ರತಿ ಕೋಶವನ್ನೂ ಅದು ಕೆಡಿಸಬಲ್ಲುದು. ಅಡಿಕೆ ತೋಟದ ಮೇಲೆ ಸಾಲ ಕೇಳಿದ ಗುಬ್ಬಿಯ ರೈತನ ಕಾಗದಪತ್ರಗಳು ಕುಣಿಗಲ್ಲಿನ ಮೇಜೊಂದರ ತಪ್ಪಿನಿಂದ ನಾಶವಾಗುವುದು ಹೀಗೆ.

ಗುಂಪುಗಳ ಪದ್ಧತಿಯಲ್ಲಿ ಕೋಶಕ್ಕೆ ಮನುಷ್ಯನ ಹೆಸರನ್ನೇ ಬರೆಯುವುದಿಲ್ಲ. ಜಾಣರಾದ ನಿರ್ವಾಹಕರು ಎರಡು ಬಗೆಯ ಗುಂಪುಗಳನ್ನು ಮಾಡುತ್ತಾರೆ. ಒಂದು, ಜನರು ಯಾರೆಂಬುದನ್ನು ಹೇಳುವ ಗುಂಪು: ಗುಬ್ಬಿಯ ಸಾಲ ವಿಭಾಗದವರು, ಲೆಕ್ಕಪರಿಶೋಧಕರು, ನಿರ್ದೇಶಕರು. ಇನ್ನೊಂದು, ಬೀಗದ ಕೈ ಯಾವುದೆಂಬುದನ್ನು ಹೇಳುವ ಗುಂಪು: ಗುಬ್ಬಿಯ ಅರ್ಜಿಗಳನ್ನು ಓದಬಲ್ಲವರು, ಗುಬ್ಬಿಯ ಅರ್ಜಿಗಳನ್ನು ತಿದ್ದಬಲ್ಲವರು. ಮೊದಲನೆಯ ಗುಂಪನ್ನು ಎರಡನೆಯದರೊಳಗೆ ಸೇರಿಸಿದರೆ ಕೆಲಸ ಮುಗಿಯಿತು. ವರ್ಗವಾದಾಗ ಗುಮಾಸ್ತೆಯನ್ನು ಒಂದು ಗುಂಪಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಅರವತ್ತು ಕೋಶಗಳನ್ನು ಮುಟ್ಟುವ ಗೋಜೇ ಇಲ್ಲ. ಆದರೆ ಮಾರನೆಯ ದಿನ ಬರುವ ದೂರು ಒಂದೇ: "ಗುಂಪಿಗೆ ಸೇರಿಸಿದ್ದೀರಿ, ಆದರೂ ಬಾಗಿಲು ತೆರೆಯುತ್ತಿಲ್ಲ." ಯಂತ್ರವು ಗುಂಪುಗಳ ಪಟ್ಟಿಯನ್ನು ನೋಡುವುದು ಬಳಕೆದಾರ ಒಳಬಂದ ಕ್ಷಣದಲ್ಲಿ ಮಾತ್ರ. ಒಮ್ಮೆ ಹೊರಹೋಗಿ ಮತ್ತೆ ಒಳಬಂದರೆ ಸರಿಹೋಗುತ್ತದೆ. ಇದೇ ಕಾರಣಕ್ಕೆ, ಗುಂಪಿನಿಂದ ತೆಗೆದುಹಾಕಿದವನೂ ತಾನಾಗಿ ಹೊರಹೋಗುವವರೆಗೆ ಒಳಗೇ ಇರುತ್ತಾನೆ ಎಂಬುದನ್ನು ಮರೆಯಲಾಗದು.

ಹೆಬ್ಬಾಗಿಲು ಮತ್ತು ಕೋಣೆಯ ಬಾಗಿಲು

ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ವಿಂಡೋಸ್ ವ್ಯವಸ್ಥೆಯಲ್ಲಿ ಒಂದು ಕೋಶಕ್ಕೆ ಎರಡು ಬಾಗಿಲುಗಳು. ಜಾಲದ ಮೂಲಕ ಬರುವವರಿಗೆ ಹಂಚಿಕೆಯ ಅನುಮತಿಯೆಂಬ ಹೆಬ್ಬಾಗಿಲು. ಅದನ್ನು ದಾಟಿದ ಮೇಲೆ ಕಡತವ್ಯವಸ್ಥೆಯ ಅನುಮತಿಯೆಂಬ ಕೋಣೆಯ ಬಾಗಿಲು. ಎರಡರಲ್ಲಿ ಯಾವುದು ಹೆಚ್ಚು ಕಿರಿದೋ ಅದೇ ನಿಜವಾದ ಅಳತೆ. ಹೆಬ್ಬಾಗಿಲಿನಲ್ಲಿ "ಓದು ಮಾತ್ರ" ಎಂದಿದ್ದರೆ ಕೋಣೆಯಲ್ಲಿ ಪೂರ್ಣಾಧಿಕಾರವಿದ್ದರೂ ಬರೆಯಲಾಗದು. ಸರ್ವರಿನ ಎದುರಿಗೇ ಕುಳಿತವನಿಗಾದರೋ ಹೆಬ್ಬಾಗಿಲಿನ ಹಂಗಿಲ್ಲ; ಅವನು ಆಗಲೇ ಮನೆಯೊಳಗಿದ್ದಾನೆ. ಹಿಂದಿನ ಆವೃತ್ತಿಗಳಲ್ಲಿ ಹೊಸದಾಗಿ ಹಂಚಿದ ಕೋಶದ ಹೆಬ್ಬಾಗಿಲು "ಎಲ್ಲರಿಗೂ ಪೂರ್ಣಾಧಿಕಾರ" ಎಂದೇ ತೆರೆದುಕೊಳ್ಳುತ್ತಿತ್ತು. ಸರ್ವರುಗಳ 2003ರ ಆವೃತ್ತಿಯಲ್ಲಿ ಈ ಔದಾರ್ಯವನ್ನು "ಎಲ್ಲರಿಗೂ ಓದು ಮಾತ್ರ" ಎಂಬಲ್ಲಿಗೆ ಇಳಿಸಲಾಯಿತು.

ಇಲ್ಲಿ ಅನುಮತಿಗಳು ಮೇಲಿನ ಕೋಶದಿಂದ ಕೆಳಗಿನ ಕೋಶಗಳಿಗೆ ಪಿತ್ರಾರ್ಜಿತದಂತೆ ಇಳಿದುಬರುತ್ತವೆ. "ಕೊಡು" ಎಂಬ ಮಾತಿಗಿಂತ "ಬೇಡ" ಎಂಬ ಮಾತು ಬಲವಾದದ್ದೆಂದು ಎಲ್ಲರೂ ಬಲ್ಲರು. ಆದರೆ ಆ ಕೋಶಕ್ಕೇ ನೇರವಾಗಿ ಬರೆದ "ಕೊಡು", ಮೇಲಿನಿಂದ ಇಳಿದುಬಂದ "ಬೇಡ"ವನ್ನು ಸೋಲಿಸುತ್ತದೆ. ತಾತನ ಬೇಡಕ್ಕಿಂತ ಎದುರಿಗಿರುವ ತಂದೆಯ ಹೂಂ ಹೆಚ್ಚಿನದೆಂದು ಮಕ್ಕಳು ಬಲ್ಲರು. ನಿರ್ವಾಹಕರು ಮಾತ್ರ ಮರೆಯುತ್ತಾರೆ. ಆದ್ದರಿಂದಲೇ ನುರಿತವರು "ಬೇಡ"ವನ್ನು ಬಳಸುವುದು ಅಪರೂಪ. ಕೊಡದಿದ್ದರೆ ಸಾಕು; ಬೇಡವೆಂದು ಬೇರೆ ಬರೆಯಬೇಕಾಗಿಲ್ಲ.

ಇನ್ನೊಂದು ಗುಪ್ತ ಕಂದಕವಿದೆ. ಕಡತವನ್ನು ನಕಲು ಮಾಡಿ ಬೇರೊಂದು ಕೋಶಕ್ಕೆ ಹಾಕಿದರೆ ನಕಲು ಹೊಸ ಮನೆಯ ಕಟ್ಟಳೆಗೆ ಒಳಪಡುತ್ತದೆ. ಅದೇ ಕಡತವನ್ನು ಒಂದೇ ಡಿಸ್ಕಿನೊಳಗೆ ಸ್ಥಳಾಂತರಿಸಿದರೆ ಅದು ತವರಿನ ಕಟ್ಟಳೆಯನ್ನೇ ಹೊತ್ತು ತರುವುದುಂಟು. ಸಂಬಳದ ಪಟ್ಟಿಯೊಂದನ್ನು ಮೇಲಧಿಕಾರಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಸುತ್ತೋಲೆಗಳ ಕೋಶಕ್ಕೆ ನಕಲು ಮಾಡಿಟ್ಟುಕೊಂಡರೆ, ಸಂಜೆಯ ಕಾಫಿಯ ಹೊತ್ತಿಗೆ ಯಾರ ಸಂಬಳವೆಷ್ಟೆಂಬುದು ಕ್ಯಾಂಟೀನಿನ ಮಾಣಿಗೂ ತಿಳಿದಿರುತ್ತದೆ.

ಪೆಟ್ಟಿಗೆ ತೆರೆದ ಬಗೆ

ಶ್ಯಾನುಭೋಗರ ಪೆಟ್ಟಿಗೆಯ ಕತೆ ಅರ್ಧಕ್ಕೆ ನಿಂತಿತ್ತು. ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ 'ಭೂಮಿ' ಯೋಜನೆಯನ್ನು ಕರ್ನಾಟಕದ ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ, ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ಕೈಗೊಂಡಿತು. 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳಲ್ಲಿ ಅದು ಕೆಲಸಮಾಡುತ್ತಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು. ಅವುಗಳನ್ನು ಅದುವರೆಗೆ ಕಾಯುತ್ತಿದ್ದವರು ಸುಮಾರು 9,000 ಗ್ರಾಮಲೆಕ್ಕಿಗರು. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕು ಕಚೇರಿಗಳಲ್ಲೂ ಕಿಟಕಿಗಳು ತೆರೆದವು. 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಯಾರ ಪಹಣಿಯನ್ನು ಬೇಕಾದರೂ ಪಡೆಯಬಹುದಾಗಿತ್ತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತಪ್ಪಿತು. ಕಿಟಕಿಯ ಹೊರಗೆ ನಿಂತವರಿಗೂ ಕಾಣುವಂತೆ ಎರಡನೆಯ ಪರದೆಯೊಂದನ್ನು ತಿರುಗಿಸಿಟ್ಟದ್ದು ಆ ಯೋಜನೆಯ ಸಣ್ಣ, ಆದರೆ ಬಹಳ ಒಳ್ಳೆಯ ಯೋಚನೆ. ಒಳಗೆ ಬೆರಳು ಏನನ್ನು ಒತ್ತುತ್ತಿದೆಯೆಂಬುದನ್ನು ರೈತ ಕಣ್ಣಾರೆ ನೋಡುತ್ತಿದ್ದ.

ಭೂಮಿಯದು ದತ್ತಾಂಶದ ಭಂಡಾರವೇ ಹೊರತು ಸಾಧಾರಣ ಕಡತಕೋಶವಲ್ಲ. ಆದರೂ ಅದು ಮಾಡಿದ್ದು ಈವರೆಗೆ ಹೇಳಿದ ಕೆಲಸವನ್ನೇ: ಓದುವ ಅಧಿಕಾರವನ್ನು ಬರೆಯುವ ಅಧಿಕಾರದಿಂದ ಬೇರ್ಪಡಿಸಿತು. ಓದು ಎಲ್ಲರಿಗೂ, ಬರೆವಣಿಗೆ ಕೆಲವರಿಗೆ ಮಾತ್ರ, ಅದೂ ಒಬ್ಬರೇ ಪೂರ್ತಿಯಾಗಿ ಮಾಡಲಾಗದಂತೆ. ಖಾತೆ ಬದಲಾವಣೆಯ ಅರ್ಜಿ ಬಂದರೆ ಅದನ್ನು ಸ್ವೀಕರಿಸುವವರು ಒಬ್ಬರು, ನೋಟೀಸು ಜಾರಿಮಾಡುವವರು ಇನ್ನೊಬ್ಬರು, ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಆದೇಶಿಸುವವರು ಮತ್ತೊಬ್ಬರು. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕು. ನಡುವಿನದೊಂದನ್ನು ಎತ್ತಿ ಮೇಲಿಡುವಂತಿಲ್ಲ. ಯಂತ್ರದ ಮುಂದೆ ಕುಳಿತವರ ಗುರುತಿಗೆ ಗುಪ್ತಪದದ ಬದಲು ಬೆರಳಚ್ಚು. ಗುಪ್ತಪದವನ್ನು ಚೀಟಿಯಲ್ಲಿ ಬರೆದು ಸಹೋದ್ಯೋಗಿಗೆ ಕೊಟ್ಟು ಊಟಕ್ಕೆ ಹೋಗಬಹುದು. ಹೆಬ್ಬೆರಳನ್ನು ಮೇಜಿನ ಮೇಲೆ ಬಿಟ್ಟು ಹೋಗುವುದು ಕಷ್ಟ.

ಕಚೇರಿಗಳಲ್ಲಿ ನಿಜವಾಗಿ ಸೋಲುವುದು ಈ ಸ್ಥಳದಲ್ಲಿಯೇ. ಗುಂಪುಗಳನ್ನು ಎಷ್ಟು ಸೊಗಸಾಗಿ ರಚಿಸಿದರೂ, ಇಡೀ ವಿಭಾಗವೇ ಒಂದು ಹೆಸರಿನಿಂದ ಒಳಹೋಗುತ್ತಿದ್ದರೆ ಯಾರು ಏನು ಬರೆದರೆಂಬುದು ಯಾವ ದಿನಚರಿಯಲ್ಲೂ ಉಳಿಯುವುದಿಲ್ಲ. ಗುಂಪಿಗೆ ಅನುಮತಿಯಿರಬೇಕು, ಗುರುತು ಮಾತ್ರ ಒಬ್ಬೊಬ್ಬನದೇ ಆಗಿರಬೇಕು. ಈ ಎರಡನ್ನು ಒಂದೆಂದು ಭಾವಿಸುವವರೇ ಹೆಚ್ಚು. ಮನೆಯವರೆಲ್ಲ ಒಂದೇ ಗುಪ್ತಪದದಲ್ಲಿ ಫೋಟೋಗಳನ್ನಿಟ್ಟುಕೊಂಡು, ಮದುವೆಯ ಚಿತ್ರಗಳನ್ನು ಅಳಿಸಿದವರು ಯಾರೆಂದು ಹಬ್ಬದ ದಿನ ಜಗಳವಾಡುವ ಕುಟುಂಬಗಳೂ ಇದಕ್ಕೆ ಹೊರತಲ್ಲ.

ಹಾಗೆಂದು ಬೆರಳಚ್ಚು ಎಲ್ಲಕ್ಕೂ ಔಷಧವೂ ಅಲ್ಲ. ಸರದಿಯ ಪ್ರಕಾರ, ಸರಿಯಾದ ಅಧಿಕಾರಿಯ ಬೆರಳಿನಿಂದಲೇ, ತಪ್ಪು ಹೆಸರು ಪಹಣಿಗೆ ಏರಬಹುದು. ಆಗ ರೈತನಿಗೆ ಉಳಿಯುವ ಆಧಾರ ಹಳೆಯ ಕಾಗದವೇ. ಅದಕ್ಕಾಗಿಯೇ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿರುವ ಹಳೆಯ ಕಡತಗಳನ್ನು ಚಿತ್ರರೂಪದಲ್ಲಿ ಸೆರೆಹಿಡಿದಿಡುವ 'ಭೂ ಸುರಕ್ಷಾ' ಯೋಜನೆ 2024ರಲ್ಲಿ ಆರಂಭವಾಯಿತು. ಗೆದ್ದಲು ಹಿಡಿಯುವ ಮೊದಲೇ ಆ ಹಾಳೆಗಳು ಸರ್ವರಿನ ಕೋಶಗಳನ್ನು ಸೇರುತ್ತಿವೆ. ಶ್ಯಾನುಭೋಗರ ಕೈಬರಹದ ಆ ಪುಟಗಳಿಗೆ ಈಗ ಹಚ್ಚಬೇಕಾದ ಗುರುತು ಒಂದೇ: ಓದಲು ಎಲ್ಲರಿಗೂ, ಬರೆಯಲು ಯಾರಿಗೂ ಇಲ್ಲ.